ಮಠದ ಗೋಡೆಯ ಆನೆ

ಘೋಡಗೇರಿಯ ಹಳೇ ಮಠದ ಬಾಗಿಲು ದೂಡಿದ ಗುರುಪಾದ ಮಾಸ್ತರರು ಗೋಡೆ ನೋಡಿ ಹೆಗಲ ಚೀಲವನ್ನು ಅಲ್ಲೇ ಕೆಳಗೆ ಬಿಟ್ಟರು. ಹನ್ನೊಂದು ಭಾನುವಾರ ಸುಣ್ಣದ ಪದರಗಳನ್ನು ಕೆರೆದು ಕೆರೆದು ಹೊರತೆಗೆದ ಆನೆಯ ಚಿತ್ರ ಮಾಯವಾಗಿತ್ತು. ಯಾರೋ ನಿನ್ನೆಯಷ್ಟೇ ಹೊಸ ಸುಣ್ಣ ಬಳಿದಿದ್ದರು.

ಮಾಸ್ತರರು ಅಂಕಲಗಿಯ ಸಾಲೆಯಲ್ಲಿ ಚಿತ್ರಕಲೆ ಕಲಿಸುವವರು. ಯಾರೂ ಕರೆದಿರಲಿಲ್ಲ, ತಾವಾಗಿಯೇ ಬಂದು ಈ ಕೆಲಸಕ್ಕೆ ನಿಂತಿದ್ದರು. ಮಠದ ಕಮಿಟಿಯವರಿಗೋ ಹಳೇ ಕಟ್ಟಡವನ್ನು ಕೆಡವಿ ಸಿಮೆಂಟಿನ ಹಾಲ್ ಕಟ್ಟುವ ಆತುರ. ನೋಡುವಂಥದ್ದು ಏನಾದರೂ ಇದ್ದರೆ ಕಟ್ಟಡ ಉಳಿಸೋಣ ಎಂದಿದ್ದ ಪುರಾತತ್ವ ಇಲಾಖೆಯ ಸಾಹೇಬರು ನಾಳೆ ಸೋಮವಾರ ಬರುವವರಿದ್ದರು. ತೋರಿಸಲು ಇದ್ದದ್ದು ಅದೊಂದೇ ಆನೆ. ಇನ್ನು ಅವರಿಗೆ ತೋರಿಸುವುದೇನು, ತಮ್ಮ ತಲೆಯನ್ನೇ?

"ಯಾರ ಮಾಡಿದ್ರು ಇದನ್ನ?" ಮಾಸ್ತರರ ದನಿ ಮಠವೆಲ್ಲ ಕೇಳಿಸಿತು.

ಕಟ್ಟೆಯ ಮೇಲೆ ಕುಳಿತಿದ್ದ ಕಾಶೆವ್ವ ಸೆರಗಿಗೆ ಕೈ ಒರೆಸಿಕೊಂಡಳು. ಎಪ್ಪತ್ತು ದಾಟಿದ ಈ ಮುದುಕಿಯೇ ದಿನಾ ಮಠದ ಕಸ ಹೊಡೆಯುವವಳು. ಪ್ರತಿ ಭಾನುವಾರ ಮಾಸ್ತರರಿಗೆ ಚಹಾ ತಂದುಕೊಡುತ್ತಿದ್ದವಳೂ ಅವಳೇ.

"ನಾನ ಹಚ್ಚೇನ್ರಿ. ನಾಳಿ ಶ್ರಾವಣ ಸ್ವಾಮಾರ ಅಲ್ಲೇನ್ರಿ? ವರ್ಷಾ ಹಚ್ಚೂದು ಪದ್ಧತಿ ಐತ್ರಿ."

"ಪದ್ಧತಿ ಅಂತ ಪದ್ಧತಿ! ಇಷ್ಟ ದಿವ್ಸ ನಾ ಇಲ್ಲಿ ಏನ ಮಾಡಾಕತ್ತಿದ್ದೆ ಅನ್ನೂದು ಕಾಣಲಿಲ್ಲೇನ ನಿಮಗ? ಬಾಜೂ ಗ್ವಾಡಿಗೆ ಯಾಕ ಹಚ್ಚಿಲ್ಲ ಮತ್ತ?"

ಖರೆ, ಉಳಿದ ಮೂರು ಗೋಡೆಗಳು ದೀಪದ ಮಸಿ ಹೊತ್ತು ಹಾಗೇ ನಿಂತಿದ್ದವು. ಮಾಸ್ತರರ ಮೈಯೆಲ್ಲ ಉರಿಯಿತು. ಮೂಲೆಯಲ್ಲಿದ್ದ ಬಕೀಟು ಎಳೆದು, ಅರಿವೆ ನೀರಲ್ಲಿ ಅದ್ದಿ ಗೋಡೆಯತ್ತ ನಡೆದರು.

"ನೀರ ಹಚ್ಚಬ್ಯಾಡ್ರಿ!" ಮುದುಕಿ ದಡಕ್ಕನೆ ಎದ್ದಳು. "ಬಣ್ಣಾ ಹೋಗ್ತೈತಿ!"

ಮಾಸ್ತರರ ಕೈ ಅಲ್ಲೇ ನಿಂತಿತು. "ನಿಮಗ ಹ್ಯಾಂಗ ಗೊತ್ತು?"

ಕಾಶೆವ್ವ ಮತ್ತೆ ಕುಳಿತಳು.

"ಮದವಿ ಆದ ವರ್ಷ ಶ್ರಾವಣಕ್ಕ ಮಠಾ ತೊಳಿಯಾಕ ಅತ್ತಿ ಕಳಿಸಿದ್ಲ್ರಿ. ಹೊಸಾ ಸೊಸಿ, ಚೆಂದಂಗ ಮಾಡಬೇಕಂತ ನಾರ ತಗೊಂಡು ತಿಕ್ಕಿ ತಿಕ್ಕಿ ತೊಳದೆ. ಆನಿ ಮುಂಗಾಲಿನ ಬಣ್ಣಾ ನೀರಾಗ ಹರದ ಹೋತ್ರಿ. ಯಾರರೆ ನೋಡಿಗೀಡ್ಯಾರಂತ ಹೆದರಿ ಇಡೀ ಗ್ವಾಡಿಗೆ ಸುಣ್ಣಾ ಬಳದೆ. ಬೆಳ್ಳಗ ಚಲೋ ಕಾಣತೈತಿ ಅಂತ ಅತ್ತಿ ಹೊಗಳಿದ್ಲು. ಮುಂದಿನ ವರ್ಷ ಓಣ್ಯಾನ ಹೆಣಮಕ್ಕಳೆಲ್ಲಾ ಬಂದು ಬಳದ್ರು. ಪದ್ಧತಿ ಆತ್ರಿ."

"ಈಗ್ಯಾಕ ಹಚ್ಚಿದ್ರಿ ಮತ್ತ?"

"ಹ್ವಾದ ವಾರ ಆನಿ ಮುಂಗಾಲ ಇಲ್ಲದ್ದ ಕಂಡು ನೀವ ಅಂದ್ರೆಲ್ಲ, ಇದನ್ನ ತೊಳದವರ ಕೈ ಮುರೀಲಿ ಅಂತ. ಚಹಾ ಹಿಡಕೊಂಡು ನಿಮ್ಮ ಹಿಂದ ನಿಂತಿದ್ದೆ. ನಾಳಿ ಸಾಹೇಬ್ರ ಮುಂದನೂ ಹಂಗ ಅಂದ್ರ, ಊರಾಗ ನಾ ಹ್ಯಾಂಗ ತಿರಗ್ಯಾಡ್ಲಿ?"

ಮಾಸ್ತರರಿಗೆ ಆ ಮಾತು ನೆನಪಿತ್ತು. ಹಾಗೆ ಅಂದಾದ ಮೇಲೆ ಅವಳು ಕೊಟ್ಟ ಚಹಾವನ್ನೇ ಕುಡಿದಿದ್ದರು. ಸಿಟ್ಟು ಇಳಿಯಲಿಲ್ಲ, ಆದರೆ ಅದರಲ್ಲಿ ಅರ್ಧ ಈಗ ತಮ್ಮ ಬಾಯಿಯ ಮೇಲೆಯೇ ಇತ್ತು. ಅರಿವೆ ಬಿಸಾಕಿ, ಚೀಲದಿಂದ ಮರದ ಪಟ್ಟಿ ತೆಗೆದು, ಒಣಗೋಡೆಯನ್ನು ಮತ್ತೆ ಮೆಲ್ಲಗೆ ಕೆರೆಯತೊಡಗಿದರು. ನಿನ್ನೆಯ ಸುಣ್ಣ ಇನ್ನೂ ಗೋಡೆಗೆ ಕಚ್ಚಿರಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಸೊಂಡಿಲು ಕಂಡಿತು, ಬೆನ್ನು ಕಂಡಿತು, ಹಿಂಗಾಲುಗಳೂ ಕಂಡವು. ಮುಂಗಾಲಿನ ಹತ್ತಿರ ಬಂದಾಗ ಅವರು ಕೈ ತಡೆದರು.

"ಇಷ್ಟ ಸುಣ್ಣ ಹಿಂಗ ಇರಲಿ ಬಿಡ್ರಿ ಯವ್ವಾ. ಯಾರೂ ಕೇಳೂದಿಲ್ಲ."

ಕಾಶೆವ್ವ ಎದ್ದು ಬಂದು ಅವರ ಕೈಯಿಂದ ಪಟ್ಟಿ ತೆಗೆದುಕೊಂಡಳು.

"ಕೇಳ್ಳಿ. ನಾನ ಹೇಳ್ತೇನಿ" ಎಂದು, ಐವತ್ತೈದು ವರ್ಷ ಮುಚ್ಚಿಟ್ಟ ಜಾಗವನ್ನು ತಾನೇ ಕೆರೆಯತೊಡಗಿದಳು.