ನಲವತ್ತು ವರ್ಷ ಹೆಣವಾಗಿದ್ದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ನಲವತ್ತು ವರ್ಷ ಒಂದೇ ನಾಟಕದಲ್ಲಿ ಹೆಣವಾಗಿದ್ದರು. ತಪ್ಪು ಅವರದ್ದಲ್ಲ, ನಮ್ಮಪ್ಪನದು.

ಅದು ಮೂಲದಲ್ಲಿ ಫ್ರೆಂಚ್ ಹಾಸ್ಯನಾಟಕ. ಅತ್ತೆ ಬಂದು ಠಿಕಾಣಿ ಹೂಡುತ್ತಾಳೆಂದು ಹೆದರಿದ ಅಳಿಯ ಸತ್ತವನಂತೆ ಮಲಗುತ್ತಾನೆ, ಹೆಂಡತಿ ಸುಳ್ಳು ಅಳು ಅಳುತ್ತಾಳೆ. ಕೊನೆಗೆ ಅವನು ಎದ್ದು ಕೂತು, "ಅತ್ತೆ ಹೋದ್ರಾ?" ಅನ್ನುತ್ತಾನೆ. ಆ ಒಂದು ಮಾತಿಗೆ ಮರುಳಾಗಿಯೇ ತಾತ ಇಡೀ ನಾಟಕವನ್ನು ನಮ್ಮ ಭಾಷೆಗೆ ತಂದಿದ್ದರು. ಅಳಿಯನಾಗಿ ಚಿಕ್ಕಪ್ಪ, ಹೆಂಡತಿಯಾಗಿ ಆಗಷ್ಟೇ ಅವರನ್ನು ಮದುವೆಯಾಗಿದ್ದ ಚಿಕ್ಕಮ್ಮ, ಪರದೆಯ ಹಗ್ಗ ಹಿಡಿಯಲು ಅಪ್ಪ.

ಮೊದಲ ಪ್ರದರ್ಶನದಲ್ಲಿ ಚಿಕ್ಕಮ್ಮ ಮೂರನೇ ಸಲ ಬಿಕ್ಕಿದಾಗ ಅಪ್ಪನ ಕರುಳು ಚುರುಕ್ ಎಂದಿತು. ಕಣ್ಣೊರೆಸಿಕೊಳ್ಳಲು ಎರಡೂ ಕೈ ಎತ್ತಿದ. ಹಗ್ಗ ಜಾರಿತು, ಪರದೆ ಬಿತ್ತು, ಅಳಿಯ ಸತ್ತೇಹೋದ. ಜನ ಗೊಳೋ ಎಂದು ಅಳುತ್ತಾ ಮನೆಗೆ ಹೋದರು, ಮರುದಿನ ಟಿಕೆಟ್ಟಿಗೆ ನೂಕುನುಗ್ಗಲು. ರಂಗಮಂದಿರದ ಮಾಲೀಕರು ಪೋಸ್ಟರಿನ ಮೇಲೆ "ಕರುಳು ಹಿಂಡುವ ದುರಂತ ಕಥೆ" ಎಂದು ಬರೆಸಿ, ಮೂರನೇ ಬಿಕ್ಕಿಗೇ ಪರದೆ ಬೀಳಬೇಕೆಂದು ಕಾನೂನು ಮಾಡಿದರು. ತಾತ ಹಾಸಿಗೆ ಹಿಡಿದರು. ಆಮೇಲೆ ನಾಟಕಕ್ಕೆ ಪಿಟೀಲು ಬಂತು. ಹತ್ತನೇ ವರ್ಷ ಕುರುಡು ಮಗಳೊಬ್ಬಳು ಬಂದಳು. ಗಯ್ಯಾಳಿ ಅತ್ತೆ ಮಹಾತಾಯಿಯಾಗಿ, ಹೆಣದ ಕಾಲಬಳಿ ಮೂರ್ಛೆ ಹೋಗತೊಡಗಿದಳು.

ಚಿಕ್ಕಪ್ಪ ಮಾತ್ರ ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಅಳಿಯನ ಆ ಕೊನೆಯ ಮಾತನ್ನು ಅಭ್ಯಾಸ ಮಾಡುತ್ತಲೇ ಇದ್ದರು.

ಅಪ್ಪನ ಹಗ್ಗ ಕೊನೆಗೆ ನನ್ನ ಕೈಗೆ ಬಂದಿತ್ತು. ಕಳೆದ ಭಾನುವಾರ ಮಧ್ಯಾಹ್ನ ಕೊನೆಯ ಪ್ರದರ್ಶನ. ಮರುದಿನದಿಂದ ನಮ್ಮ ರಂಗಮಂದಿರ ಸೋಫಾ ಗೋದಾಮು.

"ಒಂದೇ ನಿಮಿಷ ಹಗ್ಗ ಬಿಡ್ಬೇಡ ಕಣೋ," ಮುಖಕ್ಕೆ ಹೆಣದ ಬಿಳಿ ಬಳಿದುಕೊಳ್ಳುತ್ತಾ ಚಿಕ್ಕಪ್ಪ ಬೇಡಿಕೊಂಡರು. "ಒಬ್ಬರಾದ್ರೂ ನಗ್ಲಿ. ಅಷ್ಟು ಸಾಕು ನಂಗೆ."

"ಈ ವಯಸ್ಸಲ್ಲಿ ಇವ್ರಿಗೆ ನಗೆಪಾಟಲು ಬೇಕಂತೆ," ಚಿಕ್ಕಮ್ಮ ಕನ್ನಡಿಯ ಮುಂದೆ ಗೊಣಗಿದರು.

"ಮೂರನೇ ಬಿಕ್ಕಿಗೆ ಪರದೆ ಬೀಳ್ಲಿಲ್ವೋ, ಗೋದಾಮಿನ ಕಾವಲು ಕೆಲಸ ನಿಂಗಿಲ್ಲ," ಎಂದು ಮಾಲೀಕರು ನನ್ನ ಬೆನ್ನಿಗೇ ಬಂದು ನಿಂತರು. ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ.

ಚಿಕ್ಕಮ್ಮ ಒಮ್ಮೆ ಬಿಕ್ಕಿದರು. ಎರಡನೇ ಸಲ ಬಿಕ್ಕಿದರು. ಆಮೇಲೆ ಕರವಸ್ತ್ರ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸುಮ್ಮನೆ ಕೂತುಬಿಟ್ಟರು.

"ಬಿಕ್ಕಮ್ಮಾ, ಬಿಕ್ಕು!" ಮಾಲೀಕರು ಹಲ್ಲು ಕಡಿದರು. ಚಿಕ್ಕಮ್ಮ ಬಿಕ್ಕಲಿಲ್ಲ. ಬಿಕ್ಕದೆ ಪರದೆ ಬೀಳುವ ಹಾಗಿಲ್ಲ, ಕಾನೂನು ಮಾಲೀಕರದ್ದೇ.

ಚಿಕ್ಕಪ್ಪ ಮಂಡಿ ಲಟಲಟ ಎನ್ನಿಸುತ್ತಾ ಎದ್ದು ಕೂತರು. "ಅತ್ತೆ ಹೋದ್ರಾ?"

ಸಭಾಂಗಣ ಬೆಚ್ಚಿತು. "ಪಾಪ, ಸತ್ತ ಮೇಲೂ ಅತ್ತೆದೇ ಯೋಚನೆ!" ಎಂದು ಮುಂದಿನ ಸಾಲಿನ ಅಜ್ಜಿಯೊಬ್ಬರು ಎದೆ ಬಡಿದುಕೊಂಡರು. ಅಳು ಇಮ್ಮಡಿಯಾಯಿತು. ಚಿಕ್ಕಪ್ಪನ ಮುಖ ಸಪ್ಪಗಾಯಿತು. ಮತ್ತೆ ಸಾಯಲು ದಿಂಬು ತಡಕಿದರು.

ಆಗ ಚಿಕ್ಕಮ್ಮ ಕಿಸಕ್ಕೆಂದರು. ಬಾಯಿಗೆ ಕೈ ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ. ಹೊಟ್ಟೆ ಹಿಡಿದುಕೊಂಡು, ಹೆಣದ ಮಂಚಕ್ಕೇ ಒರಗಿಕೊಂಡು ನಕ್ಕರು.

"ಹೂಂ ರೀ, ಹೋದ್ರು," ಎಂದರು. "ನಲವತ್ತು ವರ್ಷ ಆಯ್ತು. ಏಳಿ ಇನ್ನು."

ನನ್ನ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲಿಲ್ಲ. ಎರಡೂ ಕೈ ಹಗ್ಗದ ಮೇಲೇ ಇದ್ದವು.