ಬೇಸ್‌ಬಾಲ್ ಗುಂಪಿಗೆ ಬಂದ ಮೆಸೇಜು

ಭಟ್ಕಳದ ಬಳಿಯ ಹೆಬಳೆಯ ಅಂಕಿತಾ ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡಿದವಳು. ಅಮೆರಿಕದ ಬೇಸ್‌ಬಾಲ್ ಪಂದ್ಯ ನಮ್ಮಲ್ಲಿ ಬೆಳಗಿನ ಹೊತ್ತು ಬರುತ್ತದೆ. ಅದನ್ನು ಮೊಬೈಲಿನಲ್ಲಿ ನೋಡುತ್ತ ಬೇಸ್‌ಬಾಲ್ ಪ್ರಿಯರ ವಾಟ್ಸಾಪ್ ಗುಂಪಿನಲ್ಲಿ ಹರಟುವುದು ಅವಳ ಅಭ್ಯಾಸ. ಆಟದ ಜೊತೆಗೆ ಮೀನಿನ ರೇಟು, ಬಸ್ಸಿನ ರಶ್ಶು ಎಲ್ಲವೂ ಅಲ್ಲಿ ಬರುತ್ತಿತ್ತು. ಬೆಳಕೆ ಊರಿನ ಹರೀಶ ಎಂಬವನೊಡನೆ ಮಾತ್ರ ದಿನವೂ ಜಗಳ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

ಅಂದು ಪಂದ್ಯ ಬಿಸಿಯೇರಿದ್ದಾಗ ಗದ್ದೆಯಿಂದ ಅಮ್ಮನ ಕೂಗು ಕೇಳಿತು. ಕಾಲಿಗೆ ಹಾವು ಕಚ್ಚಿತ್ತು. ಆಂಬುಲೆನ್ಸ್ ದೂರದ ಹೊನ್ನಾವರದಿಂದ ಬರಬೇಕಿತ್ತು. ಅಕ್ಕಪಕ್ಕದಲ್ಲಿ ಯಾವ ಗಾಡಿಯೂ ಇರಲಿಲ್ಲ. ಅಂಕಿತಾ ಗುಂಪಿಗೇ ಬರೆದಳು: "ಅಮ್ಮಂಗೆ ಹಾವು ಕಚ್ಚಿತು. ಭಟ್ಕಳದ ಹತ್ರ ಯಾರಾದ್ರೂ ಇದ್ರಾ?"

ತಕ್ಷಣ ಹರೀಶನ ಫೋನ್ ಬಂತು. "ಮನೆ ಎಲ್ಲಿ? ನಾ ಪೇಟೆಲೇ ಇದ್ದೆ, ಮೀನಿನ ಟೆಂಪೋ ಉಂಟು. ಕಾಲು ಅಲ್ಲಾಡ್ಸಬೇಡ, ಹಗ್ಗ ಬಿಗೀಬೇಡ. ಬಂದೆ."

ಟೆಂಪೋದಿಂದ ಇಳಿದದ್ದು ತಲೆ ನರೆತ, ಅವಳ ಅಪ್ಪನ ವಯಸ್ಸಿನ ಗಂಡಸು. ಏಕವಚನದಲ್ಲಿ ಬೈದದ್ದೆಲ್ಲ ನೆನಪಾಗಿ ಅಂಕಿತಾ ಅವರನ್ನೇ ನೋಡುತ್ತ ನಿಂತಳು.

"ಎಂತ ನೋಡ್ತೆ? ಕಾಲು ಬದಿ ಹಿಡಿ," ಎಂದರು ಹರೀಶ.

ದಾರಿಯುದ್ದಕ್ಕೂ ಅಮ್ಮನ ಕಣ್ಣು ಎಳೆಯುತ್ತಿತ್ತು. "ಅಮ್ಮಾ, ಮಾತಾಡೇ," ಎಂದು ಅಂಕಿತಾ ಕೆನ್ನೆ ತಟ್ಟುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು. ಮಧ್ಯಾಹ್ನ ಡಾಕ್ಟರು ಹೊರಬಂದು, "ಇನ್ನು ಹೆದರಿಕೆ ಇಲ್ಲ," ಎಂದಾಗ ಅಂಕಿತಾ ಮೆಟ್ಟಿಲ ಮೇಲೆ ಕುಸಿದು ಕುಳಿತು ಬಿಕ್ಕಿ ಅತ್ತಳು. ಹರೀಶ ಪಕ್ಕದಲ್ಲಿ ಕುಳಿತು, ಕಾಯುತ್ತಿದ್ದ ಗುಂಪಿಗೆ ಬರೆದರು: "ಅಮ್ಮ ಹುಷಾರು."