ಎರಡಿಂಚು ಸಡಿಲ

ಬ್ಲೇಡಿನ ತುದಿಯಿಂದ ಅಂಗಿಯ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದ ಮಗಳ ಕೈ ಕಂಕುಳಿನ ಹತ್ತಿರ ಬಂದು ನಿಂತಿತು. ಅಲ್ಲಿ ಅಪ್ಪ ಎರಡೆರಡು ಸಲ ಹೊಲಿಗೆ ಓಡಿಸಿದ್ದ. ಬಿಚ್ಚುವವರ ಕಷ್ಟ ಅವನಿಗೆ ಯಾವತ್ತೂ ತಲೆಗೆ ಹೋಗಿರಲಿಲ್ಲ.

"ಗಾಡಿ ಹನ್ನೊಂದಕ್ಕೆ ಬರುತ್ತೆ ಅಕ್ಕ," ಎಂದ ತಮ್ಮ. "ಅಂಗಿ ಹೇಗಿದೆಯೋ ಹಾಗೇ ಹಾಕಿಬಿಡೋಣ. ಈಗ ಯಾರು ನೋಡ್ತಾರೆ?"

"ಅಪ್ಪ ಆಗಿದ್ರೆ ನೋಡ್ತಿದ್ರು."

ಮೂರು ತಿಂಗಳ ಕಾಯಿಲೆಯಲ್ಲಿ ಟೈಲರ್ ಅಪ್ಪ ಕಡ್ಡಿಯಾಗಿದ್ದ. ಯಾವ ಅಂಗಿ ಹಾಕಿದರೂ ಹ್ಯಾಂಗರಿಗೆ ನೇತುಹಾಕಿದಂತೆ ಕಾಣುತ್ತಿತ್ತು. ಒಮ್ಮೆ ಯಾರದೋ ಸಾವಿಗೆ ಹೋದಾಗ, ಅಳುವವರ ಮಧ್ಯೆ ನಿಂತು, "ಪಾಪ, ಪುಣ್ಯಾತ್ಮನಿಗೆ ಅಂಗಿಯ ಭುಜ ಒಂದಿಂಚು ಇಳಿದಿದೆ," ಎಂದು ಹೆಂಡತಿಯ ಕಿವಿಯಲ್ಲಿ ಹೇಳಿ ಬೈಸಿಕೊಂಡಿದ್ದ ಮನುಷ್ಯ ಅವನು. ಈಗ ಮುಂದಿನ ಕೋಣೆಯಲ್ಲಿ ಹೊದಿಕೆಯ ಕೆಳಗೆ ಸುಮ್ಮನೆ ಮಲಗಿದ್ದ.

ಪಕ್ಕದ ಅಂಗಡಿಯ ಇಸ್ತ್ರಿಯವನು ಪೆಟ್ಟಿಗೆ ಬಿಸಿಮಾಡಿಕೊಂಡು ಬಂದು ಕಾಯುತ್ತಿದ್ದ. ಸುಮ್ಮನಿರುವುದು ಅವನ ಜಾತಕದಲ್ಲೇ ಇರಲಿಲ್ಲ.

"ಊರಿಗೆಲ್ಲ ಫಿಟ್ಟಿಂಗ್ ಕೊಟ್ಟ ಕೈ," ಎಂದ. "ನಿನ್ನ ತಮ್ಮನ ಬಟ್ಟೆ ಅಚ್ಚಲ್ಲಿ ಹೊಯ್ದ ಹಾಗೆ ಕೂತಿರ್ತಿತ್ತು. ನಿಂದು ಮಾತ್ರ..." ಎಂದವನು ತಡೆದು, ಪೆಟ್ಟಿಗೆಯ ಕೆಂಡ ಊದಿದ.

"ನಂದು ಸಡಿಲ," ಎಂದು ಮಗಳೇ ಮುಗಿಸಿದಳು. "ದೀಪದ ಬುಡದಲ್ಲಿ ಕತ್ತಲು ಅಂತ ಸ್ಕೂಲಲ್ಲಿ ನಗ್ತಿದ್ರು."

ಹಗುರಾಗಿ ಹೇಳಿದಳು, ಆದರೆ ಮೂವತ್ತಮೂರು ವರ್ಷ ಹೊತ್ತ ಮಾತದು. ಏಳು ವರ್ಷದವಳು ಅಮ್ಮನ ಕೈಹಿಡಿದು ಈ ಅಂಗಡಿಯ ಹಿಂದಿನ ಮನೆಗೆ ಬಂದಿದ್ದಳು. ಹೆತ್ತಪ್ಪ ತೀರಿಕೊಂಡು ಆಗಿನ್ನೂ ಎರಡು ವರ್ಷ. ಟೈಲರನ್ನು ಅಪ್ಪ ಎಂದು ಕರೆಯಲು ಅವಳಿಗೆ ಒಂದು ವರ್ಷವೂ ಹಿಡಿಯಲಿಲ್ಲ. ಅವನು ಸೈಕಲ್ ಕಲಿಸಿದ, ಮೆಷಿನ್ ತುಳಿಯಲು ಕಲಿಸಿದ, ಜ್ವರ ಬಂದಾಗ ಪಕ್ಕದಲ್ಲಿ ಕೂತ. ಆದರೆ ಊರಿನವರಿಗೆಲ್ಲ ಟೇಪು ಹಿಡಿದವನು, ತಮ್ಮನಿಗೆ ವರ್ಷಕ್ಕೆರಡು ಸಲ ಹಿಡಿದವನು, ಅವಳಿಗೆ ಒಮ್ಮೆಯೂ ಹಿಡಿಯಲಿಲ್ಲ. ಅಳತೆ ತೆಗೆದುಕೊಳ್ಳುವುದು ಸ್ವಂತ ಮಕ್ಕಳಿಗೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಕೇಳಿಬಿಡಬೇಕೆಂದು ಎಷ್ಟೋ ಸಲ ಅನ್ನಿಸಿತ್ತು, ಕೇಳಲಿಲ್ಲ. ಈಗ ಕೇಳಲು ಅವನೇ ಇಲ್ಲ.

ಗೋಡೆಗೊರಗಿ ಕೂತಿದ್ದ ಅಮ್ಮ ತಲೆಯೆತ್ತಿದಳು.

"ಬೇಡ ಅಂದವಳು ನೀನೇ ಅಲ್ವೇನೇ?"

"ನಾನಾ? ಯಾವಾಗ?"

"ಬಂದ ದಿನವೇ. ಯೂನಿಫಾರ್ಮಿಗೆ ಅಳತೆ ತಗೊಳ್ಳೋಣ ಅಂತ ಬಂದ್ರು. ನೀನು ಗೋಡೆಗೆ ಅಂಟಿಕೊಂಡೆ. 'ಟೇಪು ಹಾಕ್ಬೇಡಿ, ನನ್ನ ಅಳತೆ ನಮ್ಮಪ್ಪಂಗೆ ಗೊತ್ತು' ಅಂದೆ. 'ಆಯ್ತಮ್ಮ, ನೀನಾಗೇ ಕರೆಯೋವರೆಗೂ ಹಾಕಲ್ಲ' ಅಂತ ಮಾತು ಕೊಟ್ರು. ನೀನು ಕರೀಲೇ ಇಲ್ಲ."

"ನಂಗೆ ನೆನಪೇ ಇಲ್ಲಮ್ಮ."

"ಅವರಿಗಿತ್ತು."

"ಮತ್ತೆ ನೀನು ಯಾಕೆ ಹೇಳಲಿಲ್ಲ?"

"ಯಾರಾದ್ರೂ ನಕ್ಕರೆ ನೀನು 'ನಂಗೆ ಸಡಿಲಾನೇ ಇಷ್ಟ' ಅಂತ ಜಗಳಕ್ಕೆ ನಿಲ್ತಿದ್ದೆ. ಅವರೂ ನಂಬಿದ್ರು, ನಾನೂ ನಂಬಿದೆ," ಎಂದು ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು.

*

ಹುಡುಗಿ ಮನೆಗೆ ಬಂದ ವರ್ಷವೇ ಹೆಂಡತಿಗೆ ಗರ್ಭ ನಿಂತು ಆರು ತಿಂಗಳು ತುಂಬಿತ್ತು. ಬಟ್ಟೆಗಳನ್ನು ಸಡಿಲಿಸಲು ಟೈಲರ್ ತಿಂಗಳಿಗೊಮ್ಮೆ ಅವಳ ಹೊಟ್ಟೆಯ ಸುತ್ತ ಟೇಪು ಹಿಡಿಯುತ್ತಿದ್ದ. "ಮೂವತ್ತೆಂಟು," ಎಂದು ಕೂಗಿ ತಾನೇ ನಗುತ್ತಿದ್ದ. ಅಂದು ಮಧ್ಯಾಹ್ನ ತಲೆಯೆತ್ತಿದರೆ ಪರದೆಯ ಹಿಂದೆ ಹುಡುಗಿ ನಿಂತಿದ್ದಳು. ಕಣ್ಣು ಟೇಪಿನ ಮೇಲಿತ್ತು. ಅವನು ನಗು ನಿಲ್ಲಿಸಿ ಟೇಪನ್ನು ಸುತ್ತಿಟ್ಟ. ಏನೋ ತಪ್ಪು ಮಾಡಿ ಸಿಕ್ಕಿಬಿದ್ದಂತೆ ಅವನಿಗೆ ನಾಚಿಕೆಯಾಯಿತು.

ಅಂಗಡಿಗೆ ಬಂದವರೆಲ್ಲ, "ನಲವತ್ತಕ್ಕೆ ಮೊದಲನೇದು, ಅದೃಷ್ಟವಂತ ಕಣಪ್ಪ," ಎನ್ನುತ್ತಿದ್ದರು.

"ಎರಡನೇದು," ಎಂದು ಅವನು ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು ತಿದ್ದುತ್ತಿದ್ದ. ಆಸ್ಪತ್ರೆಯ ನರ್ಸಿಗೂ ಹಾಗೇ ಹೇಳಿ ಬರೆಸಿದ್ದ.

ಹೊಟ್ಟೆಯಲ್ಲಿರುವುದು ಕೇಳದೆಯೇ ತನ್ನದಾಗುತ್ತದೆ, ಅದಕ್ಕೆ ತಾನು ಏನೂ ಮಾಡಬೇಕಿಲ್ಲ. ಈ ಹುಡುಗಿಗೆ ಕಾಯಬೇಕು. ಹೊಸದು ಬಂದ ಮೇಲೆ ಇವಳು ಪರದೆಯ ಹಿಂದೆಯೇ ಉಳಿದುಬಿಟ್ಟರೆ ಎಂಬ ಭಯ ಅವನಿಗಿತ್ತು. ಅದಕ್ಕೇ ಅವಳನ್ನು ನೋಡುತ್ತಿದ್ದ. ಬಾಗಿಲಲ್ಲಿ ನಿಂತರೆ ತಲೆ ಚಿಲಕಕ್ಕಿಂತ ಎಷ್ಟು ಕೆಳಗೆ, ಬರೆಯಲು ಕೂತರೆ ಮೊಣಕೈ ಮೇಜಿನ ಯಾವ ಗೀರಿಗೆ ಬರುತ್ತದೆ, ಎಲ್ಲವನ್ನೂ ಲೆಕ್ಕ ಹಿಡಿದು, ನೀಲಿ ಬಟ್ಟೆ ಹಾಸಿ ಗೆರೆ ಎಳೆದ. ಆಮೇಲೆ ಗೆರೆಯನ್ನು ಎರಡಿಂಚು ಹೊರಗೆ ಸರಿಸಿದ.

"ಕರೆದು ಒಂದ್ಸಲ ಅಳತೆ ತಗೊಂಡ್ರೆ ಆಗಲ್ವಾ?" ಎಂದಳು ಹೆಂಡತಿ.

"ಮಾತು ಕೊಟ್ಟಿದೀನಲ್ಲ. ಅಪ್ಪಂದಿರಿಗೆ ಅಳತೆ ಗೊತ್ತಿರುತ್ತಂತೆ. ನಂಗೆ ಇನ್ನೂ ಎರಡಿಂಚು ಅನುಮಾನ ಇದೆ," ಎಂದು ಅವನು ಕತ್ತರಿ ತೆಗೆದುಕೊಂಡ. "ಸಡಿಲ ಆದ್ರೂ ಪರವಾಗಿಲ್ಲ. ಎಲ್ಲೂ ಬಿಗಿ ಅನ್ನಿಸಬಾರದು ಅವಳಿಗೆ."

*

ಮಗಳು ಬ್ಲೇಡು ಕೆಳಗಿಟ್ಟು, ಕತ್ತರಿಸುವ ಮೇಜಿನ ಮೊಳೆಗೆ ನೇತುಹಾಕಿದ್ದ ಟೇಪನ್ನು ತೆಗೆದುಕೊಂಡಳು. ಮೊದಲ ನಾಲ್ಕು ಅಂಕಿಗಳು ಅವನ ಹೆಬ್ಬೆರಳಿಗೆ ಸವೆದುಹೋಗಿದ್ದವು.

ಮುಂದಿನ ಕೋಣೆಗೆ ಬಂದು ಹೊದಿಕೆ ಸರಿಸಿ, "ಸ್ವಲ್ಪ ಎತ್ತಿ ಹಿಡ್ಕೋ," ಎಂದಳು ತಮ್ಮನಿಗೆ.

ತಮ್ಮ ಅಪ್ಪನ ಬೆನ್ನಿಗೆ ಕೈಕೊಟ್ಟ. ಅವಳು ಟೇಪನ್ನು ಎದೆಯ ಸುತ್ತ ತಂದಳು. ಅಪ್ಪ ಮಗಳ ನಡುವೆ ಟೇಪು ಬಂದದ್ದು ಅದೇ ಮೊದಲು. ಕಣ್ಣು ಮಂಜಾಗಿ ಅಂಕಿ ಕಾಣದೆ ಎರಡು ಸಲ ಓದಿದಳು.

"ಮೂವತ್ತು," ಎಂದಳು. ಇಸ್ತ್ರಿಯವನು ಬಾಗಿಲ ಕಡೆ ತಿರುಗಿ ನಿಂತ.

ಮೇಜಿಗೆ ಮರಳಿ, ಅಂಗಿಗೆ ಬಿಡಬೇಕಾದಷ್ಟು ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಸ್ವಲ್ಪ ಹೊತ್ತು ನೋಡಿದಳು. ಅದನ್ನು ಅಂಗೈಯಿಂದ ಒರೆಸಿ ಹೊರಗೆ ಇನ್ನೊಂದು ಗೆರೆ ಎಳೆದಳು.

"ಸಡಿಲ ಆಗಲ್ವಾ ಅಕ್ಕ?"

"ಆಗುತ್ತೆ. ಆಗಲಿ."

ಮೆಷಿನ್ ತುಳಿದಳು. ಕಾರ್ಖಾನೆಯಲ್ಲಿ ದಿನಕ್ಕೆ ಮುನ್ನೂರು ಕಾಲರ್ ಹೊಲಿಯುವವಳಿಗೆ ಎರಡು ಪಕ್ಕದ ಹೊಲಿಗೆ ಹಾಕಲು ಕಾಲು ಗಂಟೆ ಬೇಕಾಯಿತು. ಇಸ್ತ್ರಿಯವನು ಒಂದು ಸುಕ್ಕೂ ಉಳಿಸಲಿಲ್ಲ. ಗಾಡಿ ಬಂದು ಹೊರಗೆ ಹಾರನ್ ಹಾಕುವಾಗ ಮೂವರೂ ಸೇರಿ ಅಂಗಿ ತೊಡಿಸಿ ಮುಗಿಸಿದ್ದರು. ಭುಜ ಸರಿಯಾಗಿ ಕೂತಿತ್ತು. ಪಕ್ಕೆಯ ಹತ್ತಿರ ಮಾತ್ರ ಬಟ್ಟೆ ಮೈಗೆ ತಾಗದೆ ಸ್ವಲ್ಪ ಉಬ್ಬಿಕೊಂಡಿತ್ತು. ಮಗಳು ಅಲ್ಲಿ ಎರಡು ಬೆರಳಿಟ್ಟು, ಬಿಗಿಯಿಲ್ಲವೆಂದು ನೋಡಿದಳು. ಗಾಡಿಯವನು ಮತ್ತೆ ಹಾರನ್ ಹಾಕಿದರೂ ಬೆರಳು ತೆಗೆಯಲಿಲ್ಲ.